ಗುಡ್ಡದ ಕಡಿಗಿ ಓಡು

ಮೊದಲ ದಿನ ಬಾಬುಮಿಯ್ಯಾ ಕೀಲಿ ಕೊಡಲಿಲ್ಲ.
ಪಂಪ್‌ಹೌಸಿನ ಹೊರಗೆ ನಿಲ್ಲಿಸಿ ಕೇಳಿದ:
"ಗಾಳಿ ಯಾವ ಕಡಿಂದ ಬೀಸಲತ್ತದ?"
ನಾನು ಆಕಾಶ ನೋಡಿದೆ. ಅವನು ಕಂಬ ತೋರಿಸಿದ.
ತುದಿಗೆ ಹಳೇ ಅಂಗಿಯ ಒಂದು ತೋಳು
ಭೀಮೆಯ ಕಡೆ ಚಾಚಿಕೊಂಡಿತ್ತು.
"ಬಂದ ಕೂಡಲೇ ಇದಕ್ಕ ಸಲಾಂ ಮಾಡು.
ಆಮ್ಯಾಲ ನನಗ."

ನೆರಳಲ್ಲಿ ಅಡ್ಡ ಮಲಗಿದ್ದವು, ಈದ ಎಮ್ಮೆಗಳ ಹಾಗೆ,
ಹಳದಿ ಬಣ್ಣದ ಮೂರು ಟೊಣ್ಣರ್.
ಒಂದೊಂದರ ಹೊಟ್ಟೆಯಲ್ಲಿ ಒಂಬೈನೂರು ಕೇಜಿ ಕ್ಲೋರಿನ್.
"ಒಳಗ ನೀರಿನಂಗ ಇರ್ತದ. ಹೊರಗ ಬಂತಂದ್ರ
ಒಂದು ಚೊಂಬು ನಾಕನೂರು ಚೊಂಬು ಗಾಳಿ ಆಗ್ತದ.
ಹಗೂರಲ್ಲ ಅದು. ನೆಲ ಹಿಡದು ಹೋಗ್ತದ,
ಹೊಸ್ತಿಲ ದಾಟ್ತದ, ಮೆಟ್ಟಲ ಇಳೀತದ,
ತಗ್ಗು ಎಲ್ಲದ ಅಂತ ಹುಡುಕ್ತದ."

ಹೊಳೆಯ ದಡದಲ್ಲಿ ಬೆಳೆದವಳು ನಾನು.
ಚೇಳು ಕಡಿದರೆ, ಬಣವೆಗೆ ಬೆಂಕಿ ಬಿದ್ದರೆ, ಅಪ್ಪ ಬೈದರೆ
ಓಡಿದ್ದು ಹೊಳೆಗೇ.
"ಆ ಚಾಳಿ ಬಿಡು," ಎಂದ.
"ಹೊಳಿ ತಗ್ಗು. ಅದೂ ಅಲ್ಲಿಗೇ ಬರ್ತದ.
ನೀ ಗಾಳಿಗಿ ಅಡ್ಡ ಹಾದು ಗುಡ್ಡದ ಕಡಿಗಿ ಓಡು.
ಕೋಟಿ ಗ್ವಾಡಿ ಕಾಣತದಲ್ಲ, ಅದನ್ನ ನೋಡಕೋತ."

ಮುಖವಾಡ ಕೊಡುವ ಮುನ್ನ ನನ್ನ ಮುಖ ನೋಡಿದ.
"ಮೂಗಬಟ್ಟು ಇರಲಿ. ಕೂದಲ ಅಂಚಿನಾಗ ಸಿಗಬಾರದು.
ಒಂದೆಳಿ ಸಂದಿ ಸಾಕು ಅದಕ."
ಆಗ ಕಂಡೆ ಅವನ ಗಲ್ಲ:
ಐವತ್ತೆಂಟನೇ ವಯಸ್ಸಿಗೂ ಕೂಸಿನದರ ಹಾಗೆ ನುಣುಪು.
ಇಪ್ಪತ್ತಾರು ವರ್ಷ, ದಿನಾ ನಸುಕಿಗೆ ಬೋಳಿಸಿದ್ದು.
ಮಸೀದಿಯಲ್ಲಿ ಕೇಳಿದವರಿಗೆ ಏನು ಹೇಳಿದನೋ.
ನಾನು ಕೇಳಲಿಲ್ಲ.

ಬಿಗಿ ಮುಚ್ಚಳದ ಅಮೋನಿಯಾ ಬಾಟಲಿ,
ಕೋಲಿನ ತುದಿಗೆ ಕಟ್ಟಿದ ಅರಿವೆ.
ವಾಲ್ವಿನ ಕೊರಳ ಸುತ್ತ ಮೆಲ್ಲಗೆ ಆಡಿಸಿದ,
ಕೂಸಿಗೆ ದೃಷ್ಟಿ ತೆಗೆದ ಹಾಗೆ.
ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಒಂದು ಕೀಲಿನಲ್ಲಿ
ದಾರದಂಥ ಬಿಳಿ ಹೊಗೆ.
"ನವಸಾಗರ," ಎಂದ ಮುಖವಾಡದೊಳಗಿಂದ.
ಅವನಪ್ಪ ಶಹಾಪುರದ ಗಲ್ಲಿಗಳಲ್ಲಿ ತಿದಿ ಹೂಡಿ
ತಾಮ್ರದ ತಪ್ಪೇಲಿಗೆ ಕಲಾಯಿ ಹಾಕುತ್ತಿದ್ದವ.
ಅದೇ ಹೊಗೆಯಲ್ಲಿ ಕಣ್ಣುಜ್ಜಿ ಬೆಳೆದ ಹುಡುಗ ಇವನು.
"ಅಬ್ಬಾ ಬಂದು ತೋರಿಸ್ತಾನ ನೋಡು, ಎಲ್ಲಿ ಸೋರತದಂತ."

ವಾಲ್ವು ಬಿಗಿದ. ಹಳೇ ಸೀಸದ ವಾಷರ್ ತೆಗೆದೆಸೆದ.
"ಎರಡನೇ ಸಲ ಇದನ್ನೇ ಹಾಕೋದಂದ್ರ
ಎಂಜಲೆಲಿ ತೊಳದು ಬಡಿಸಿದಂಗ."
ಸೋರುವಲ್ಲಿ ನೀರು ಸುರಿಯಬ್ಯಾಡ, ಆಸಿಡ್ ಆಗಿ
ತನ್ನ ತೂತು ತಾನೇ ಅಗಲ ಮಾಡಕೋತದ.
ಸೋರೋ ಬಾಯಿ ಮ್ಯಾಲ ಬರಂಗ ಹೊಳ್ಳಿಸು.
ಒಬ್ಬಾಕೇ ಒಳಗ ಹೋಗಬ್ಯಾಡ, ಎಂದೂ.
ಮೂಗನ್ನ ನಂಬಬ್ಯಾಡ. ಮೂಗು ಲಗೂ ಸುಸ್ತಾಗ್ತದ.
ವಾಸನಿ ಹೋಯಿತಂದ್ರ ಗ್ಯಾಸ್ ಹೋಯಿತಂತಲ್ಲ.

ಊರವರು ಅರ್ಜಿ ಬರೆಯುತ್ತಾರೆ: ನಳದ ನೀರು ನಾತ.
ಈ ವರ್ಷ ವಾಂತಿಭೇದಿ ಆಗಲಿಲ್ಲವೆಂದು
ಯಾರೂ ಅರ್ಜಿ ಬರೆದದ್ದಿಲ್ಲ.

ಮೊನ್ನೆ ಬಾಬುಮಿಯ್ಯಾನ ಮೊಮ್ಮಗಳ ಮದುವೆ.
ಲೋಟ ಎತ್ತಿದರೆ ಅದೇ ವಾಸನೆ, ಬಲು ಸಣ್ಣಗೆ.
ಎದುರು ಸಾಲಿನಲ್ಲಿ ಅವನು. ಎದೆತನಕ ಬಿಳಿ ಗಡ್ಡ,
ನಿವೃತ್ತಿಯ ಮರುದಿನದಿಂದ ಬಿಟ್ಟದ್ದು.
ತನ್ನ ಲೋಟ ಮೂಗಿನ ಹತ್ತಿರ ಹಿಡಿದು
ನನ್ನ ಕಡೆ ಹುಬ್ಬು ಏರಿಸಿದ: ಜರಾ ಹೆಚ್ಚಾತೇನು?
ತಲೆ ಅಲ್ಲಾಡಿಸಿದೆ: ಇಲ್ಲ, ಬರೋಬ್ಬರಿ ಅದ.
ಗಟಗಟ ಕುಡಿದ.

ಅಷ್ಟರಲ್ಲಿ ಶಾಮಿಯಾನದ ಝಾಲರು ಅಲುಗಿತು.
ಬಿರಿಯಾನಿಯ ತಾಟು ಬಂದದ್ದನ್ನೂ ಮರೆತು
ಇಬ್ಬರೂ ಒಮ್ಮೆಗೇ ಅತ್ತ ತಿರುಗಿದೆವು,
ಗಾಳಿ ಯಾವ ಕಡೆಯದೆಂದು.